ನಡೆದರೂ ಮುಳ್ಳು ಅಲುಗುತ್ತಿಲ್ಲವೇ?

ಡಯಟ್ ಮಾಡಿದಾಗ ಇಳಿಯುತ್ತಿದ್ದ ತೂಕ, ವಾಕಿಂಗ್ ಶುರು ಮಾಡಿದ ಮೇಲೆ ನಿಂತೇ ಹೋಯಿತೇ? ಊಟ ಬಿಡುವ ಮುನ್ನ, ನಡಿಗೆ ನಿಲ್ಲಿಸುವ ಮುನ್ನ ಇದನ್ನೊಮ್ಮೆ ಓದಿ.

ಎರಡು ತಿಂಗಳಿಂದ ಬಾಯಿ ಕಟ್ಟಿದ್ದೀರಿ. ರಾತ್ರಿ ಎರಡು ಮುದ್ದೆ ಇದ್ದದ್ದು ಒಂದಾಗಿದೆ. ಕಾಫಿಯ ಸಕ್ಕರೆ ಅರ್ಧ ಚಮಚಕ್ಕೆ ಇಳಿದಿದೆ. ಸಂಜೆಯ ಬೋಂಡಾ, ಬಜ್ಜಿಗೆ ಬೆನ್ನು ಹಾಕಿದ್ದೀರಿ. ತೂಕದ ಯಂತ್ರದ ಮುಳ್ಳು ಮೂರು-ನಾಲ್ಕು ಕೆ.ಜಿ. ಹಿಂದಕ್ಕೆ ಸರಿದಿದೆ. 'ಬರೀ ಊಟ ಕಮ್ಮಿ ಮಾಡಿದ್ದಕ್ಕೇ ಇಷ್ಟು ಇಳಿದರೆ, ಜೊತೆಗೆ ವಾಕಿಂಗೂ ಮಾಡಿಬಿಟ್ಟರೆ...' ಎಂಬ ಹುಮ್ಮಸ್ಸಿನಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು, ಶೂ ಕಟ್ಟಿ, ಪಕ್ಕದ ಮನೆಯವರನ್ನೂ ಜೊತೆ ಮಾಡಿಕೊಂಡು ಹೊರಟಿದ್ದೀರಿ. ಮೂರು ವಾರ ಕಳೆಯಿತು. ಯಂತ್ರದ ಮೇಲೆ ನಿಂತರೆ ಮುಳ್ಳು ಇದ್ದಲ್ಲೇ ಇದೆ. ಒಂದೊಂದು ದಿನ ಅರ್ಧ ಕೆ.ಜಿ. ಮುಂದಕ್ಕೇ ಹೋಗಿರುತ್ತದೆ!

"ಅಲ್ಲಾ ಕಣ್ರೀ, ತಿನ್ನೋದೂ ಕಮ್ಮಿ ಮಾಡಿದೀನಿ, ದಿನಾ ನಡೀತಾನೂ ಇದೀನಿ. ಇನ್ನೇನು ಮಾಡ್ಲಿ?" ತಿಪಟೂರಿನ ಕ್ರೀಡಾಂಗಣದ ಸುತ್ತಲೋ, ತುರುವೇಕೆರೆಯ ಕೆರೆ ಏರಿಯ ಮೇಲೋ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟದ ದಾರಿಯಲ್ಲೋ ಬೆಳಗಿನ ಹೊತ್ತು ನಡೆಯುವ ಹೆಂಗಸರ ಪಕ್ಕದಲ್ಲಿ ನೀವೂ ನಾಲ್ಕು ಹೆಜ್ಜೆ ಹಾಕಿ, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

ಇಲ್ಲಿಂದ ಮುಂದೆ ಹೆಚ್ಚಿನವರು ಹಿಡಿಯುವುದು ಎರಡೇ ದಾರಿ. ಒಂದು, 'ನಡೆದು ಪ್ರಯೋಜನ ಇಲ್ಲ' ಎಂದು ಶೂಗಳನ್ನು ಮಂಚದ ಕೆಳಗೆ ತಳ್ಳುವುದು. ಇನ್ನೊಂದು, ರಾತ್ರಿಯ ಒಂದು ಮುದ್ದೆಯನ್ನೂ ಬಿಟ್ಟು ಬರೀ ಮಜ್ಜಿಗೆ ಕುಡಿದು ಮಲಗುವುದು. ಎರಡೂ ತಪ್ಪು ದಾರಿ. ಎರಡನೆಯದಂತೂ ಅಪಾಯದ ದಾರಿ.

ತೂಕ ನಿಲ್ಲುವುದಕ್ಕೆ ಒಂದೇ ಕಾರಣ ಇರುವುದಿಲ್ಲ. ಆದರೆ ಅದು ಯಾವಾಗ ನಿಂತಿತು ಎಂದು ಗಮನಿಸಿದರೆ, ಯಾಕೆ ನಿಂತಿತು ಎಂಬುದು ಮುಕ್ಕಾಲು ಪಾಲು ತಿಳಿದುಬಿಡುತ್ತದೆ. ನಡಿಗೆ ಶುರುವಾದ ಮೊದಲ ಕೆಲವು ವಾರಗಳಲ್ಲೇ ನಿಂತರೆ ಒಂದು ಕಾರಣ, ಒಂದೆರಡು ತಿಂಗಳಾದ ಮೇಲೆ ನಿಂತರೆ ಇನ್ನೊಂದು, ಆರು ತಿಂಗಳ ಹೊತ್ತಿಗೆ ನಿಂತರೆ ಮತ್ತೊಂದು. ಒಂದೊಂದಕ್ಕೂ ಮದ್ದು ಬೇರೆ.

ಮೊದಲ ವಾರಗಳು: ಇದು ನೀರಿನ ಆಟ

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಸೀಮೆಯವರು ದೂರ ಹೋಗಬೇಕಿಲ್ಲ, ಮನೆಯ ಅಟ್ಟ ಹತ್ತಿದರೆ ಸಾಕು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹತ್ತು-ಹನ್ನೆರಡು ತಿಂಗಳಲ್ಲಿ ಉಂಡೆ ಕೊಬ್ಬರಿಯಾಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಅಲ್ಲಾಡಿಸಿದರೆ ಗಡಗಡ ಸದ್ದು ಬರುತ್ತದೆ. ಕಾಯಿ ಹಾಕಿದಾಗಿನ ತೂಕಕ್ಕೂ ಈಗಿನ ತೂಕಕ್ಕೂ ಎಷ್ಟೊಂದು ವ್ಯತ್ಯಾಸ! ಆದರೆ ಕಮ್ಮಿಯಾದದ್ದು ನೀರು, ಎಣ್ಣೆಯಲ್ಲ. ಹಸಿ ತಿರುಳಿನಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ನೀರೇ ಇರುತ್ತದೆ. ಅದೆಲ್ಲ ಆರಿ ಹೋದ ಮೇಲೂ ಎಣ್ಣೆಯ ಅಂಶ ಹಾಗೇ ಉಳಿಯುವುದರಿಂದಲೇ ಕೊಬ್ಬರಿಗೆ ಆ ಬೆಲೆ.

ನಮ್ಮ ಮೈಯದೂ ಇದೇ ಕತೆ. ನಾವು ತಿಂದ ಅನ್ನ, ಮುದ್ದೆಯ ಒಂದು ಭಾಗವನ್ನು ದೇಹ ಗ್ಲೈಕೊಜೆನ್ ಎಂಬ ರೂಪದಲ್ಲಿ ಪಿತ್ತಜನಕಾಂಗ ಮತ್ತು ಮಾಂಸಖಂಡಗಳಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೊಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಊಟ ಕಮ್ಮಿ ಮಾಡಿದ ಮೊದಲ ವಾರದಲ್ಲಿ ಈ ದಾಸ್ತಾನು ಕರಗಿ, ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಅದಕ್ಕೇ ಡಯಟ್ ಶುರುವಿನಲ್ಲಿ ಮುಳ್ಳು ಅಷ್ಟು ಬೇಗ ಇಳಿದದ್ದು. ಆಗ ನೀವು ಹಿಗ್ಗಿದಿರಿ. ನಿಜ ಹೇಳಬೇಕೆಂದರೆ ಅದರಲ್ಲಿ ಕರಗಿದ ಕೊಬ್ಬು ಸ್ವಲ್ಪ, ಹೋದ ನೀರೇ ಜಾಸ್ತಿ.

ಈಗ ನಡಿಗೆ ಶುರುವಾಯಿತು. ರೂಢಿಯಿಲ್ಲದ ಕೆಲಸ ಬಿದ್ದಾಗ ಕಾಲಿನ ಮಾಂಸಖಂಡಗಳಲ್ಲಿ ಸಣ್ಣ ಸಣ್ಣ ನೋವು, ಬಾವು ಕಾಣಿಸುತ್ತದೆ. ಅದನ್ನು ಸರಿಪಡಿಸಿಕೊಳ್ಳಲು ದೇಹ ಅಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ನಾಳೆಯೂ ನಡೆಯಬೇಕಲ್ಲ ಎಂದು ಮಾಂಸಖಂಡಗಳು ಗ್ಲೈಕೊಜೆನ್ನನ್ನು ಮೊದಲಿಗಿಂತ ಹೆಚ್ಚಾಗಿ ಕೂಡಿಡಲು ಕಲಿಯುತ್ತವೆ. ಅದರ ಬೆನ್ನಿಗೆ ನೀರೂ ಬಂತು. ಹೀಗೆ ಒಂದು ಕಡೆ ಕೊಬ್ಬು ಕರಗುತ್ತಿರುತ್ತದೆ, ಇನ್ನೊಂದು ಕಡೆ ನೀರು ಸೇರುತ್ತಿರುತ್ತದೆ. ಒಂದರ ಲೆಕ್ಕವನ್ನು ಇನ್ನೊಂದು ನುಂಗಿ ಮುಳ್ಳು ಇದ್ದಲ್ಲೇ ನಿಂತಂತೆ ಕಾಣುತ್ತದೆ.

"ಅದು ನೀರಲ್ಲ, ಮಾಂಸಖಂಡ ಬೆಳೀತಾ ಇದೆ" ಎಂದು ಸಮಾಧಾನ ಹೇಳುವವರೂ ಇದ್ದಾರೆ. ಮೂರು ವಾರ ನಡೆದ ಮಾತ್ರಕ್ಕೆ ಯಾವ ಹೆಂಗಸಿಗೂ ಎರಡು ಕೆ.ಜಿ. ಮಾಂಸಖಂಡ ಬೆಳೆಯುವುದಿಲ್ಲ. ಮುಟ್ಟಿನ ದಿನಗಳ ಹಿಂದೆಮುಂದೆ ಮೈಯಲ್ಲಿ ನೀರು ನಿಲ್ಲುವುದು, ಉಪ್ಪಿನಕಾಯಿ, ಹಪ್ಪಳ ತಿಂದ ಮಾರನೇ ದಿನ ತೂಕ ಏರುವುದು ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ.

ಇದಕ್ಕೆ ಮದ್ದು? ಏನೂ ಬೇಡ, ತಾಳ್ಮೆ ಸಾಕು. ನಾಲ್ಕರಿಂದ ಆರು ವಾರ ಊಟ ಬದಲಿಸದೆ, ನಡಿಗೆ ಬಿಡದೆ ಮುಂದುವರಿಸಿ. ಅಲ್ಲಿಯವರೆಗೆ ತೂಕದ ಯಂತ್ರಕ್ಕಿಂತ ಟೈಲರ್ ಟೇಪನ್ನು ನಂಬಿ. ಮುಳ್ಳು ನಿಂತಿದ್ದರೂ ಸೊಂಟದ ಅಳತೆ ಇಳಿಯುತ್ತಿದ್ದರೆ, ಬ್ಲೌಸಿನ ಹೊಲಿಗೆ ಸಡಿಲವಾಗುತ್ತಿದ್ದರೆ ನಿಮ್ಮ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ಒಂದೆರಡು ತಿಂಗಳಾದ ಮೇಲೆ: ಕಾಲು ದುಡಿದದ್ದು, ಬಾಯಿ ಕಳೆದದ್ದು

ಆರು ವಾರ ದಾಟಿತು, ಟೇಪೂ ಅಲುಗುತ್ತಿಲ್ಲ ಎಂದರೆ ಈಗ ಅಡುಗೆಮನೆಯ ಕಡೆ ನೋಡಬೇಕು. 65 ಕೆ.ಜಿ. ತೂಕದ ಗೃಹಿಣಿ ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ. ಬೆವರು ಸುರಿದದ್ದು ನೋಡಿದರೆ ಐನೂರಾದರೂ ಖರ್ಚಾಗಿರಬೇಕು ಅನ್ನಿಸುತ್ತದೆ, ಅಲ್ಲವೇ? ಈಗ ಎದುರಿನ ತಟ್ಟೆ ನೋಡಿ:

* ಒಣ ಕೊಬ್ಬರಿ 20 ಗ್ರಾಂ (ಸಾಧಾರಣ ಗಿಟಕಿನ ಮೂರನೇ ಒಂದು ಭಾಗದಷ್ಟು) – ಸುಮಾರು 130 ಕ್ಯಾಲೊರಿ
* ಅದರ ಜೊತೆ 20 ಗ್ರಾಂ ಬೆಲ್ಲ – ಸುಮಾರು 75
* ಯಾವುದೇ ಅಡುಗೆ ಎಣ್ಣೆ, ಒಂದು ದೊಡ್ಡ ಚಮಚ (15 ಗ್ರಾಂ) – ಸುಮಾರು 135
* ಸಂಕ್ರಾಂತಿಯ ಎಳ್ಳು-ಬೆಲ್ಲ, ಒಂದು ಹಿಡಿ (40 ಗ್ರಾಂ) – ಸುಮಾರು 200
* ಎಳನೀರು, ಒಂದು ದೊಡ್ಡ ಲೋಟ – ಸುಮಾರು 50

ವಾಕಿಂಗ್ ಮುಗಿಸಿ ಬಂದು, ತಿಂಡಿ ಆಗುವವರೆಗೆ ಹಸಿವು ತಡೆಯಲಾರದೆ ಡಬ್ಬಿಯಿಂದ ತೆಗೆದು ಬಾಯಿಗೆ ಹಾಕಿಕೊಂಡ ಒಂದು ಚೂರು ಕೊಬ್ಬರಿ-ಬೆಲ್ಲ, ಅರ್ಧ ಗಂಟೆಯ ನಡಿಗೆಯನ್ನು ಪೂರ್ತಿ ವಾಪಸ್ ಕೊಟ್ಟು ಮೇಲೆ ಬಡ್ಡಿಯನ್ನೂ ಸೇರಿಸುತ್ತದೆ!

ಹಾಗಂತ ಕಲ್ಪವೃಕ್ಷದ ನಾಡಿನಲ್ಲಿದ್ದುಕೊಂಡು ಕಾಯಿಯನ್ನೇ ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. ಕಾಯಿ ಇಲ್ಲದ ಸಾರು ಗಂಟಲಲ್ಲಿ ಇಳಿಯುವುದಿಲ್ಲ, ಗೊತ್ತು. ನಾಲ್ಕು ಜನರ ಮನೆಯಲ್ಲಿ ಇಡೀ ದಿನದ ಸಾರು, ಪಲ್ಯ, ಚಟ್ನಿಗೆ ಸೇರಿ ಒಂದು ಹೋಳು ಕಾಯಿ ಬಳಸಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಮೂವತ್ತು ಗ್ರಾಂನಷ್ಟು ತುರಿ, ಅಂದರೆ ನೂರು-ನೂರಿಪ್ಪತ್ತು ಕ್ಯಾಲೊರಿ. ಅದು ಊಟದ ಲೆಕ್ಕದಲ್ಲಿ ಸರಿಹೋಗುತ್ತದೆ. ತೊಂದರೆ ಕೊಡುವುದು ಲೆಕ್ಕಕ್ಕೆ ಸಿಗದ ಕಾಯಿ. ತುರಿಯುವಾಗ ಬಾಯಿಗೆ ಹೋದ ತುರಿ, ಮಿಠಾಯಿ ಮಾಡಿದಾಗ ಪಾತ್ರೆ ತಳದಿಂದ ಕೆರೆದು ತಿಂದದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ ಚಟ್ನಿ, 'ಸುಮ್ನೆ ಹಾಳಾಗುತ್ತಲ್ಲ' ಎಂದು ಬಳಿದು ಮುಗಿಸಿದ ಸಾರು. ಮನೆಮಂದಿಯೆಲ್ಲ ಉಂಡ ಮೇಲೆ ಕೊನೆಗೆ ಕೂರುವ ಗೃಹಿಣಿಯ ತಟ್ಟೆಯಲ್ಲಿ ಅವಳ ಪಾಲಿನ ಜೊತೆಗೆ ಉಳಿದವರು ಬಿಟ್ಟದ್ದೂ ಸೇರುತ್ತದೆ. ಅದನ್ನು ಊಟವೆಂದು ನಾವು ಎಣಿಸುವುದೇ ಇಲ್ಲ. ಮೈ ಮಾತ್ರ ಎಣಿಸುತ್ತದೆ.

ಇನ್ನು ಕೆಲವರು 'ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ತೆಂಗಿನ ಎಣ್ಣೆ ಕುಡಿದರೆ ಬೊಜ್ಜು ಕರಗುತ್ತೆ' ಎಂಬ ಸಲಹೆ ನಂಬಿ ಕುಡಿಯುತ್ತಿದ್ದಾರೆ. ಎಣ್ಣೆ ಯಾವ ಮರದ್ದಾದರೂ ಎಣ್ಣೆಯೇ. ಅದು ಕ್ಯಾಲೊರಿ ಸೇರಿಸುತ್ತದೆಯೇ ಹೊರತು ಕಳೆಯುವುದಿಲ್ಲ. ತೆಂಗಿನ ಎಣ್ಣೆಯಲ್ಲಿರುವ ಕೊಬ್ಬಿನ ಬಹುಪಾಲು ಸಂತೃಪ್ತ ಕೊಬ್ಬು. ಕೊಲೆಸ್ಟರಾಲ್ ಜಾಸ್ತಿ ಇರುವವರು ಇದನ್ನು ಡಾಕ್ಟರ ಹತ್ತಿರ ಕೇಳದೆ ಮಾಡಬಾರದು.

ಇದರ ಜೊತೆಗೆ ನಮಗೇ ಗೊತ್ತಾಗದೆ ನಡೆಯುವ ಇನ್ನೊಂದು ಸಂಗತಿ ಇದೆ. ಬೆಳಿಗ್ಗೆ ನಡೆದು ಬಂದವರು ಮಧ್ಯಾಹ್ನ ಒಂದು ಗಂಟೆ ಹೆಚ್ಚಿಗೆ ಮಲಗುತ್ತಾರೆ. ಮೇಲಿನ ಮನೆಗೆ ಎರಡು ಸಲ ಹತ್ತುವ ಕಡೆ ಒಂದೇ ಸಲ ಹತ್ತುತ್ತಾರೆ. ಅಂಗಡಿಗೆ ನಡೆದು ಹೋಗುತ್ತಿದ್ದವರು 'ಬೆಳಿಗ್ಗೆ ನಡೆದಿದ್ದಾಗಿದೆಯಲ್ಲ' ಎಂದು ಸ್ಕೂಟಿ ತೆಗೆಯುತ್ತಾರೆ. ಬೆಳಿಗ್ಗೆ ಗಳಿಸಿದ್ದು ಮಧ್ಯಾಹ್ನದ ಹೊತ್ತಿಗೆ ಹೀಗೆ ಸೋರಿಹೋಗುತ್ತದೆ.

ಕೈಗೆ ಕಟ್ಟಿಕೊಳ್ಳುವ ಸ್ಮಾರ್ಟ್ ವಾಚು 'ಇವತ್ತು 300 ಕ್ಯಾಲೊರಿ ಖರ್ಚಾಯಿತು' ಎಂದು ತೋರಿಸಿದರೆ ಅದನ್ನು ನಂಬಿ ಒಂದು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಳ್ಳಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ನಾಡಿಬಡಿತವನ್ನು ಅವುಗಳಲ್ಲಿ ಹೆಚ್ಚಿನವು ಸರಿಯಾಗಿ ಹೇಳಿದವು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದ ವಾಚು ಕೂಡ ಸರಾಸರಿ ಶೇ 27ರಷ್ಟು ತಪ್ಪಿತ್ತು!

ಇದಕ್ಕೆ ಮದ್ದು ಒಂದು ಹಳೇ ನೋಟ್‌ಬುಕ್. ಮೂರು ದಿನ, ಅದರಲ್ಲಿ ಒಂದು ಭಾನುವಾರವೋ ಹಬ್ಬದ ದಿನವೋ ಇರಲಿ, ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಅಳೆಯುವುದು, ತೂಗುವುದು ಬೇಡ. 'ತುರಿ ಒಂದು ಚಿಟಿಕೆ, ಪಾಪು ಬಿಟ್ಟ ಬಿಸ್ಕತ್ ಒಂದು' ಎಂದು ಬರೆದರೆ ಸಾಕು. ಸೋರುತ್ತಿರುವ ಜಾಗ ಮೂರನೇ ದಿನಕ್ಕೆ ನಿಮ್ಮ ಕಣ್ಣಿಗೇ ಬೀಳುತ್ತದೆ. ನಡೆದು ಬಂದ ತಕ್ಷಣದ ಹಸಿವಿಗೆ ಹಿಂದಿನ ರಾತ್ರಿಯೇ ನೆನೆಸಿಟ್ಟ ಹೆಸರುಕಾಳಿನ ಕೋಸಂಬರಿ, ಇಲ್ಲವೇ ಒಂದು ದೊಡ್ಡ ಲೋಟ ಮಜ್ಜಿಗೆ ಸಿದ್ಧವಿರಲಿ. ಆಗ ಕೈ ಕೊಬ್ಬರಿ ಡಬ್ಬಿಯ ಕಡೆ ಹೋಗುವುದಿಲ್ಲ.

ಆರು ತಿಂಗಳ ಹೊತ್ತಿಗೆ: ಹಗುರಾದ ಮೈಗೆ ಸಣ್ಣ ಖರ್ಚು

ಏಳು ಕೆ.ಜಿ. ಇಳಿಸಿದಿರಿ ಎಂದಿಟ್ಟುಕೊಳ್ಳಿ. ಅದು ಸಿಲಿಂಡರ್ ಒಂದರಲ್ಲಿರುವ ಗ್ಯಾಸಿನ ಅರ್ಧದಷ್ಟು ತೂಕ. ಅಷ್ಟನ್ನು ಮೊದಲು ದಿನವಿಡೀ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದಿರಿ, ಮನೆ ಒರೆಸುತ್ತಿದ್ದಿರಿ, ನಿದ್ದೆ ಮಾಡುವಾಗಲೂ ಆ ತೂಕದ ಮೈಯನ್ನು ಸಾಕುತ್ತಿದ್ದಿರಿ. ಈಗ ಹೊರೆ ಇಳಿದಿದೆ, ಹಾಗಾಗಿ ಖರ್ಚೂ ಇಳಿದಿದೆ. ತೂಕ ಒಂದು ಕೆ.ಜಿ. ಇಳಿದರೆ ದಿನದ ಖರ್ಚು ಹೆಚ್ಚುಕಮ್ಮಿ ಇಪ್ಪತ್ತು ಕ್ಯಾಲೊರಿ ತಗ್ಗುತ್ತದೆ. ಏಳು ಕೆ.ಜಿ.ಗೆ 140! ಮೊದಲು ನಿಮ್ಮನ್ನು ಇಳಿಸುತ್ತಿದ್ದ ಅದೇ ಊಟ, ಅದೇ ನಡಿಗೆ ಈಗ ನಿಮ್ಮನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಡಯಟ್ ಮಾಡುವವರಲ್ಲಿ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ತೂಕ ನಿಲ್ಲುವುದು ಇದರಿಂದಲೇ. ಈಗ ನಮ್ಮ ದೇಶದಲ್ಲೂ ಸಿಗುವ ತೂಕ ಇಳಿಸುವ ಇಂಜೆಕ್ಷನ್‌ ತೆಗೆದುಕೊಂಡವರಿಗೂ ಒಂದು ಹಂತದಲ್ಲಿ ಮುಳ್ಳು ನಿಲ್ಲುತ್ತದೆ.

ಅಷ್ಟೇ ಅಲ್ಲ, ಊಟ ತೀರಾ ಕಡಿಮೆಯಾದರೆ 'ಬರಗಾಲ ಬಂತು' ಎಂದು ಮೈ ಎಚ್ಚೆತ್ತುಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷ ತೆಂಗಿನ ಮರ ಸಣ್ಣ ಹರಳುಗಳನ್ನು ಉದುರಿಸಿ ಜೀವ ಉಳಿಸಿಕೊಳ್ಳುವುದಿಲ್ಲವೇ, ಹಾಗೆ. ಅಮೆರಿಕದಲ್ಲಿ ತೂಕ ಇಳಿಸುವ ಟಿ.ವಿ. ಸ್ಪರ್ಧೆಯೊಂದರಲ್ಲಿ ಕೆಲವೇ ತಿಂಗಳಲ್ಲಿ ಹತ್ತಾರು ಕೆ.ಜಿ. ಇಳಿಸಿಕೊಂಡ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚಿನವರ ತೂಕದ ಬಹುಭಾಗ ವಾಪಸ್ ಬಂದಿತ್ತು. ಸುಮ್ಮನೆ ಕೂತಾಗ ಅವರ ದೇಹ ಮಾಡುತ್ತಿದ್ದ ಖರ್ಚು ಮಾತ್ರ ಅವರ ಮೈಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಇತ್ತು. ಅವರದು ವಿಪರೀತದ ಪ್ರಯೋಗ, ನಮ್ಮ ನಿಮ್ಮ ಡಯಟ್‌ಗೆ ಅಷ್ಟು ಪೆಟ್ಟು ಬೀಳುವುದಿಲ್ಲ. ಆದರೂ ಪಾಠ ಒಂದೇ. ಬೇಗ ಇಳಿಸಲು ಹೊಟ್ಟೆ ಕಟ್ಟಿದಷ್ಟೂ ಮೈ ಬಿಗಿ ಹಿಡಿಯುತ್ತದೆ.

ನಡಿಗೆಗೂ ಒಂದು ಮಿತಿ ಇದೆ. ಆಫ್ರಿಕಾದ ಟಾಂಜಾನಿಯಾದಲ್ಲಿ ಹಡ್ಜಾ ಎಂಬ ಬುಡಕಟ್ಟಿನವರು ಬೇಟೆಗೆ, ಗೆಡ್ಡೆ ಗೆಣಸಿಗೆ ದಿನವೂ ಮೈಲುಗಟ್ಟಲೆ ಅಲೆಯುತ್ತಾರೆ. 2012ರಲ್ಲಿ ಅವರ ದಿನದ ಖರ್ಚನ್ನು ಅಳೆದ ವಿಜ್ಞಾನಿಗಳಿಗೆ ಅಚ್ಚರಿ ಕಾದಿತ್ತು. ಮೈಗಾತ್ರಕ್ಕೆ ಹೋಲಿಸಿದರೆ ಅದು ಕುರ್ಚಿಯಲ್ಲಿ ಕೂತು ದುಡಿಯುವ ಪೇಟೆ ಜನರ ಖರ್ಚಿಗಿಂತ ಹೆಚ್ಚೇನೂ ಇರಲಿಲ್ಲ! ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಉಳಿತಾಯ ಮಾಡುತ್ತದೆ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಟ್ಟ ವಿವರಣೆ. ಆದ್ದರಿಂದ ಅರ್ಧ ಗಂಟೆಗೆ ಇಳಿಯದ ತೂಕ ಎರಡು ಗಂಟೆ ನಡೆದರೆ ನಾಲ್ಕು ಪಟ್ಟು ಇಳಿಯುತ್ತದೆ ಎಂಬ ಲೆಕ್ಕ ಬೇಡ. ಮಂಡಿ ನೋವು ಮಾತ್ರ ನಾಲ್ಕು ಪಟ್ಟಾದೀತು.

ಊಟ ಬಿಡಬೇಡಿ, ಊಟ ಬದಲಿಸಿ

ತೂಕ ನಿಂತಾಗ ಹೆಂಗಸರು ಮೊದಲು ಕೈ ಹಾಕುವುದು ತಮ್ಮ ತಟ್ಟೆಗೇ. ಇದೇ ದೊಡ್ಡ ಆತಂಕದ ಸಂಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರು ಹೆಂಗಸರಲ್ಲಿ 24 ಮಂದಿಗೆ ತೂಕ ಜಾಸ್ತಿ. ಅದೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ! ಅಂದರೆ ದಪ್ಪಗಿರುವವರಿಗೆ ರಕ್ತ ಚೆನ್ನಾಗಿರುತ್ತದೆ ಎಂದೇನಿಲ್ಲ. ಮೈಯಲ್ಲಿ ಕೊಬ್ಬಿದ್ದೂ ರಕ್ತದಲ್ಲಿ ಕಬ್ಬಿಣವಿಲ್ಲದ ಹೆಂಗಸು ಇನ್ನಷ್ಟು ಊಟ ಬಿಟ್ಟರೆ ಏನಾದೀತು? ನಡೆಯುವಾಗ ಏದುಸಿರು, ತಲೆಸುತ್ತು, ಕೂದಲು ಉದುರುವಿಕೆ. ಕೊನೆಗೆ ನಡೆಯುವ ಶಕ್ತಿಯೇ ಇರುವುದಿಲ್ಲ.

ಮನೆಗೆಲಸ ಮಾಡಿಕೊಂಡು, ಹೆಚ್ಚು ಶ್ರಮದ ಕೆಲಸವಿಲ್ಲದ ಹೆಂಗಸಿಗೆ ದಿನಕ್ಕೆ ಸುಮಾರು 1,660 ಕ್ಯಾಲೊರಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಇದು 55 ಕೆ.ಜಿ. ತೂಕದವರ ಲೆಕ್ಕ. ತೂಕ ಇಳಿಸುವವರು ಇದರಲ್ಲಿ ಒಂದಿಷ್ಟು ತಗ್ಗಿಸಬಹುದು. ಆದರೆ 1,000ಕ್ಕಿಂತ ಕೆಳಗೆ ಇಳಿಯಲೇಬಾರದು, ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಅದೇ ಸರಿಯಾದ ವೇಗ. ಈ ಕೆಳಗಿನವು ನಮ್ಮ ಮನೆಗಳಲ್ಲೇ ಆಗುವಂಥವು:

* ಒಂದು ಮುದ್ದೆ ಇರಲಿ, ಪಕ್ಕದ ಬಟ್ಟಲು ದೊಡ್ಡದಾಗಲಿ. ಹುರುಳಿಕಾಳು, ಅವರೆಕಾಳು, ಅಲಸಂದೆ, ಹೆಸರುಕಾಳಿನ ಸಾರಿನಲ್ಲಿ ಬರೀ ತಿಳಿಯಲ್ಲ, ಕಾಳೂ ಬರಲಿ. ಮೊಟ್ಟೆ ತಿನ್ನುವವರು ದಿನಕ್ಕೊಂದು ತಿನ್ನಿ. ಪ್ರೋಟೀನು ಹಸಿವನ್ನು ತಡೆಯುತ್ತದೆ, ತೂಕ ಇಳಿಯುವಾಗ ಮಾಂಸಖಂಡ ಸವೆಯದಂತೆ ಕಾಯುತ್ತದೆ.
* ವಾರದಲ್ಲಿ ಮೂರು ದಿನ ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಮಾಡಿ. ಸೊಪ್ಪು, ಕಾಳು ಧಾರಾಳ, ಕಾಯಿ ಕಮ್ಮಿ. ನಮ್ಮ ಅಜ್ಜಿಯರ ಅಡುಗೆಗೆ ಯಾವ ಡಯಟ್ ಪುಸ್ತಕವೂ ಸಮವಲ್ಲ! ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಕಾಫಿ, ಟೀಯನ್ನು ಊಟದ ಜೊತೆ ಕುಡಿಯಬೇಡಿ, ಅದು ಕಬ್ಬಿಣವನ್ನು ತಡೆಯುತ್ತದೆ.
* ಎಣ್ಣೆಯನ್ನು ಕ್ಯಾನಿನಿಂದ ನೇರವಾಗಿ ಬಾಣಲೆಗೆ ಬಗ್ಗಿಸಬೇಡಿ, ಚಮಚದಲ್ಲಿ ಹಾಕಿ.
* ಮದುವೆ, ಜಾತ್ರೆ, ಹಬ್ಬದ ದಿನ ಒಬ್ಬಟ್ಟು ತಿನ್ನಿ, ಕೂತು ಸವಿದು ತಿನ್ನಿ. ಮಾರನೇ ದಿನ ಉಪವಾಸ ಮಾಡಬೇಡಿ, ಮಾಮೂಲಿ ಊಟಕ್ಕೆ ಮರಳಿ.
* ಮಕ್ಕಳು ಬಿಟ್ಟದ್ದನ್ನು ತಿಂದು ಮುಗಿಸುವ ಬದಲು ಮೊದಲೇ ಅವರಿಗೆ ಕಮ್ಮಿ ಬಡಿಸಿ, ಬೇಕಾದರೆ ಮತ್ತೆ ಕೇಳಲಿ.

ನಡಿಗೆಗೆ ಜೊತೆ ಕೊಡಿ

ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಚುರುಕು ನಡಿಗೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಮಾಂಸಖಂಡಕ್ಕೆ ಬಲ ಕೊಡುವ ವ್ಯಾಯಾಮ. ಇದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಚುರುಕು ನಡಿಗೆ. ಸೊಸೆ, ಓರಗಿತ್ತಿಯರ ಪುರಾಣ ಸರಾಗವಾಗಿ ಸಾಗುತ್ತಿದೆ ಎಂದರೆ ಹೆಜ್ಜೆ ನಿಧಾನವಾಗಿದೆ ಎಂದು ತಿಳಿಯಿರಿ!

ನಾವು ಮರೆಯುವುದು ಎರಡನೆಯ ಭಾಗವನ್ನು. ಹಿಂದಿನ ಹೆಂಗಸರು ಬಾವಿಯಿಂದ ನೀರು ಸೇದುತ್ತಿದ್ದರು, ಒರಳಲ್ಲಿ ರುಬ್ಬುತ್ತಿದ್ದರು, ಒನಕೆ ಹಿಡಿಯುತ್ತಿದ್ದರು. ಬಲದ ವ್ಯಾಯಾಮ ಬೇರೆ ಬೇಕಿರಲಿಲ್ಲ. ಮಿಕ್ಸಿ, ಮೋಟಾರು ಬಂದ ಮೇಲೆ ಅದನ್ನು ನಾವೇ ಮಾಡಿಕೊಳ್ಳಬೇಕು. ಜಿಮ್ ಬೇಡ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಗೋಡೆಗೆ ಅಂಗೈ ಊರಿ ಮೈಯನ್ನು ಹತ್ತು ಸಲ ಮುಂದಕ್ಕೆ ಹಿಂದಕ್ಕೆ ತಳ್ಳಿ. ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ ಹಿಡಿದು ಕೈ ಎತ್ತಿ ಇಳಿಸಿ. ಇಷ್ಟನ್ನು ಎರಡು ಸುತ್ತು ಮಾಡಿದರೆ ಹದಿನೈದು ನಿಮಿಷ. ಮಂಡಿ ನೋವು, ಸೊಂಟ ನೋವು, ಬಿ.ಪಿ., ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಿ.

ಮಾಂಸಖಂಡ ಬಲವಾದರೆ ಮುಳ್ಳು ದಿಢೀರನೆ ಇಳಿಯುವುದಿಲ್ಲ. ಆದರೆ ತೂಕ ಇಳಿಯುವಾಗ ಕೊಬ್ಬು ಹೋಗಿ ಮಾಂಸಖಂಡ ಉಳಿಯುತ್ತದೆ. ನಲವತ್ತು ದಾಟಿದ ಮೇಲೆ ಮೂಳೆ ಗಟ್ಟಿಯಿರುವುದಕ್ಕೂ, ನೆಲದಿಂದ ಕೈ ಊರದೆ ಏಳುವುದಕ್ಕೂ ಇದೇ ಬಂಡವಾಳ.

ಡಾಕ್ಟರ ಬಳಿ ಯಾವಾಗ ಹೋಗಬೇಕು?

ಮೂರು ತಿಂಗಳಾದರೂ ತೂಕವೂ ಇಳಿಯದೆ, ಸೊಂಟದ ಅಳತೆಯೂ ಇಳಿಯದೆ, ಜೊತೆಗೆ ವಿಪರೀತ ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಇದ್ದರೆ ಥೈರಾಯಿಡ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿದ್ದು ಮುಖದಲ್ಲಿ ಕೂದಲು, ಮೊಡವೆ ಬರುತ್ತಿದ್ದರೆ ಪಿ.ಸಿ.ಒ.ಡಿ. ಇರಬಹುದು. ಡಯಟ್ ಶುರುವಾದ ಮೇಲೆ ಮುಟ್ಟು ನಿಂತರೆ ಅದು ಊಟ ಸಾಲದ ಲಕ್ಷಣವೂ ಆಗಿರಬಹುದು, ಅಲಕ್ಷ್ಯ ಬೇಡ. ಸ್ಟೀರಾಯಿಡ್, ಇನ್ಸುಲಿನ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ತೂಕ ಏರುತ್ತದೆ. ಹಾಗಂತ ಅವುಗಳನ್ನು ನೀವಾಗಿ ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಂದು ಹೊತ್ತಿನ ಊಟ ಬಿಟ್ಟು ನಡೆಯಲು ಹೋದರೆ ಸಕ್ಕರೆ ಅಂಶ ದಿಢೀರನೆ ಕುಸಿದು ದಾರಿಯಲ್ಲೇ ಬೀಳುವ ಅಪಾಯವಿದೆ. ಊಟ, ನಡಿಗೆ ಯಾವುದನ್ನು ಬದಲಿಸುವುದಿದ್ದರೂ ಡಾಕ್ಟರಿಗೆ ಹೇಳಿಯೇ ಬದಲಿಸಿ.

ನಿಂತದ್ದೂ ಗೆಲುವೇ

ಕೊನೆಯದಾಗಿ, ತೂಕ ಇಳಿಸುವ ಓಟದಲ್ಲಿ ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಮಾತು. ಅಮೆರಿಕದಲ್ಲಿ 1994ರಲ್ಲಿ ಒಂದು ದಾಖಲಾತಿ ಆರಂಭವಾಯಿತು. ಸುಮಾರು ಹದಿನಾಲ್ಕು ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ಇಳಿಸಿ, ಒಂದು ವರ್ಷವಾದರೂ ಅದನ್ನು ಉಳಿಸಿಕೊಂಡವರಿಗಷ್ಟೇ ಅದರಲ್ಲಿ ಹೆಸರು ಬರೆಸಲು ಅವಕಾಶ. ಅವರೆಲ್ಲ ಇಳಿಸಿದ ಬಗೆ ನೂರೆಂಟು. ಆದರೆ ಇಳಿದ ತೂಕ ಮತ್ತೆ ಏರದಂತೆ ನೋಡಿಕೊಂಡ ಬಗೆಯಲ್ಲಿ ಒಂದು ಸಾಮ್ಯ ಕಂಡುಬಂತು. ಅವರಲ್ಲಿ ಬಹುಪಾಲು ಜನ ದಿನಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ವ್ಯಾಯಾಮ ಮಾಡುವವರು, ಅದರಲ್ಲೂ ನಡೆಯುವವರು.

ತೂಕ ಇಳಿಸುವುದರಲ್ಲಿ ಊಟದ ಪಾಲು ದೊಡ್ಡದು, ಇಳಿದದ್ದನ್ನು ಉಳಿಸುವುದರಲ್ಲಿ ನಡಿಗೆಯ ಪಾಲು ದೊಡ್ಡದು. ಹಾಗಾಗಿ ಮುಳ್ಳು ಅಲುಗದಿದ್ದರೂ ನಡಿಗೆ ದಂಡವಲ್ಲ. ಊಟವಾದ ಮೇಲೆ ಏರುವ ಸಕ್ಕರೆಯನ್ನು ಅದು ತಗ್ಗಿಸುತ್ತದೆ, ಬಿ.ಪಿ. ಇಳಿಸುತ್ತದೆ, ರಾತ್ರಿ ಒಳ್ಳೆ ನಿದ್ದೆ ಕೊಡುತ್ತದೆ. ಇವು ಯಾವುವೂ ತೂಕದ ಯಂತ್ರದಲ್ಲಿ ಕಾಣುವುದಿಲ್ಲ. ದಿನವೂ ಮುಕ್ಕಾಲು ಗಂಟೆ ಮನೆಯಿಂದ ಹೊರಗೆ, ಯಾರಿಗೂ ಬಡಿಸದೆ, ಯಾರ ಕರೆಗೂ ಓಗೊಡದೆ ನಾವು ನಮಗಾಗಿ ಕಳೆಯುವ ಹೊತ್ತು ಅದೊಂದೇ ಇರಬಹುದು. ಮುಳ್ಳಿನ ಮೇಲಿನ ಸಿಟ್ಟಿಗೆ ಅದನ್ನು ಕಳೆದುಕೊಳ್ಳಬೇಡಿ.

ನೆನಪಿರಲಿ

* ತೂಕವನ್ನು ದಿನಾ ನೋಡಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ. ಒಂದು ವಾರಕ್ಕೆ ಎದೆಗುಂದಬೇಡಿ, ನಾಲ್ಕು ವಾರದ ಸಾಲು ನೋಡಿ.
* ಹದಿನೈದು ದಿನಕ್ಕೊಮ್ಮೆ ಟೇಪಿನಲ್ಲಿ ಸೊಂಟ ಅಳೆಯಿರಿ. ಭಾರತೀಯ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು.
* ನಡಿಗೆ ಶುರುವಾದ ಆರು ವಾರದೊಳಗೆ ನಿಂತರೆ: ಕಾಯಿರಿ, ಅದು ನೀರು.
* ಆರು ವಾರದ ಬಳಿಕ ನಿಂತರೆ: ಮೂರು ದಿನ ತಿಂದದ್ದೆಲ್ಲ ಬರೆಯಿರಿ, ಅದು ಬಾಯಿ.
* ಚೆನ್ನಾಗಿ ಇಳಿದ ಮೇಲೆ ಆರು ತಿಂಗಳಿಗೆ ನಿಂತರೆ: ಕಾಳು ಹೆಚ್ಚಿಸಿ, ಬಲದ ವ್ಯಾಯಾಮ ಸೇರಿಸಿ, ಅದು ಹಗುರಾದ ಮೈ.
* ಒಣ ಕೊಬ್ಬರಿ ಡಬ್ಬಿ ಮೇಲಿನ ಅಟ್ಟಣಿಗೆಗೆ ಹೋಗಲಿ, ನೆನೆದ ಕಾಳಿನ ಬಟ್ಟಲು ಕೈಗೆ ಸಿಗುವಂತಿರಲಿ.
* ತಲೆಸುತ್ತು, ಏದುಸಿರು, ಮುಟ್ಟಿನ ಏರುಪೇರು ಕಂಡರೆ ಡಯಟ್ ಅಲ್ಲಿಗೇ ನಿಲ್ಲಿಸಿ, ಡಾಕ್ಟರನ್ನು ಕಾಣಿ.
* "ಯಾಕಮ್ಮ, ಹಿಂಗೆ ಸೊರಗಿ ಹೋಗಿದೀಯ?" ಎಂದು ಅತ್ತೆಯವರು ಕೇಳಿದರೆ ನಕ್ಕು ಸುಮ್ಮನಾಗಬೇಡಿ, ನಾಳೆ ಬೆಳಿಗ್ಗೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ!